ಮುಷ್ಟಿ ಬಿಚ್ಚಿದ ಮೇಲೆ ಕಲಿತ ಪಾಠ

ಕಳೆದ ಸೆಮಿಸ್ಟರ್‌ನ ಲ್ಯಾಬ್ ಇಂಟರ್ನಲ್ಸ್. ಸರ್ಕ್ಯೂಟ್ ಬಾಯಿಪಾಠವಾಗಿತ್ತು. ಆದರೆ ಬ್ರೆಡ್‌ಬೋರ್ಡ್‌ನ ಸಣ್ಣ ತೂತಿಗೆ ವೈರ್ ಸಿಕ್ಕಿಸಲು ಹೋದರೆ ಬಲಗೈ ಬೆರಳುಗಳು ಮಾತೇ ಕೇಳಲಿಲ್ಲ. ‘ಏನಮ್ಮಾ, ಕೈಗೇನಾಯ್ತು?’ ಎಂದರು ಮೇಡಂ. ‘ಬಾಗಿಲಿಗೆ ಸಿಕ್ಕಿತು ಮೇಡಂ’ ಎಂದು ಸುಳ್ಳು ಹೇಳಿದೆ. ಕರಾಟೆ ಬ್ರೌನ್ ಬೆಲ್ಟ್ ಪರೀಕ್ಷೆಗೆ ತಯಾರಾಗುತ್ತಿದ್ದವಳು ಮರಳು ಚೀಲಕ್ಕೆ ಗುದ್ದಿ ಕೈ ಕೆಡಿಸಿಕೊಂಡೆ ಎನ್ನಲು ನಾಚಿಕೆ!

ಆಗಿದ್ದಿಷ್ಟೇ. ಮುಷ್ಟಿ ಗಟ್ಟಿಯಾಗಲೆಂದು ರೀಲ್ಸ್ ನೋಡಿ, ಗೋಣಿಚೀಲಕ್ಕೆ ಮರಳು ತುಂಬಿ, ತಾರಸಿಯಲ್ಲಿ ನೇತುಹಾಕಿ ಬರಿಗೈಯಲ್ಲಿ ಗುದ್ದುತ್ತಿದ್ದೆ. ಕರಾಟೆಯಲ್ಲಿ ಗುದ್ದು ಬೀಳಬೇಕಾದ್ದು ತೋರುಬೆರಳು ಮತ್ತು ಮಧ್ಯದ ಬೆರಳಿನ ಗಿಣ್ಣುಗಳ ಮೇಲೆ, ಮಣಿಕಟ್ಟು ನೆಟ್ಟಗಿರಬೇಕು. ಸುಸ್ತಾದಾಗ ಅದೆಲ್ಲ ಎಲ್ಲಿ ನೆನಪಿರುತ್ತೆ? ಒಂದು ಗುದ್ದು ಕಿರುಬೆರಳಿನ ಕಡೆಗೆ ಬಿತ್ತು. ರಾತ್ರಿಯೊಳಗೆ ಕೈ ಬನ್ನಿನಂತೆ ಉಬ್ಬಿತು.

ಎರಡು ದಿನ ಹೇಗೋ ಮುಚ್ಚಿಟ್ಟೆ. ಲ್ಯಾಬ್ ಮುಗಿಸಿ ಬಂದ ದಿನ ರೊಟ್ಟಿ ಮುರಿಯಲಾಗದೆ ಒದ್ದಾಡಿದ್ದು ಅಮ್ಮನ ಕಣ್ಣಿಗೆ ಬಿತ್ತು. ಎಣ್ಣೆ ಬಿಸಿ ಮಾಡಿ ತಿಕ್ಕಲು ಬಂದರು. ತಡೆದವರು ಅಜ್ಜ. ನಮ್ಮದು ದಾವಣಗೆರೆ, ಅಜ್ಜ ಹರೆಯದಲ್ಲಿ ಗರಡಿ ಮನೆಯ ಪೈಲ್ವಾನ್. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ತುಳಿಯದ ಕಾಲ ಅವರದು. ನಾನು ಕರಾಟೆಗೆ ಸೇರಿದಾಗ ಎರಡು ದಿನ ಮಾತು ಬಿಟ್ಟಿದ್ದರು. ‘ಬಾತ ಕೈಯ ತಿಕ್ಕಬ್ಯಾಡವ್ವ, ಮೊದಲು ಡಾಕ್ಟರಿಗೆ ತೋರಿಸ್ರಿ’ ಎಂದರು.

ಎಕ್ಸ್‌ರೇ ಆಯಿತು. ಸದ್ಯ, ಮೂಳೆ ಮುರಿದಿರಲಿಲ್ಲ. ಹೀಗೆ ಗುದ್ದಿದಾಗ ಕಿರುಬೆರಳಿನ ಬುಡದ ಮೂಳೆ ಮುರಿಯುವುದು ಎಷ್ಟು ಸಾಮಾನ್ಯವೆಂದರೆ, ಅದಕ್ಕೆ ‘ಬಾಕ್ಸರ್ಸ್ ಫ್ರ್ಯಾಕ್ಚರ್’ ಎಂದೇ ಹೆಸರಂತೆ. ಮುರಿದದ್ದು ಗೊತ್ತಿಲ್ಲದೆ ಮಾಲೀಸು ಮಾಡಿದರೆ ಮೂಳೆ ಇನ್ನಷ್ಟು ಜರುಗುವ ಅಪಾಯವಿದೆ ಎಂದು ಡಾಕ್ಟರ್ ಹೇಳಿದಾಗ ಅಮ್ಮ ಅಜ್ಜನ ಮುಖ ನೋಡಿದರು. ಬಟ್ಟೆಯಲ್ಲಿ ಸುತ್ತಿದ ಐಸ್ ದಿನಕ್ಕೆ ಮೂರ್ನಾಲ್ಕು ಸಲ, 10 ನಿಮಿಷ. ಮೂರು ವಾರ ಗುದ್ದುವುದು ಬಂದ್. ಬೆಲ್ಟ್ ಪರೀಕ್ಷೆ ಅಲ್ಲಿಗೇ ತಪ್ಪಿತು.

ಬಾವು ಪೂರ್ತಿ ಇಳಿದು ಡಾಕ್ಟರ್ ಒಪ್ಪಿದ ಮೇಲೆ, ಒಂದು ಸಂಜೆ ಅಜ್ಜ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಬಂದರು. ‘ಸಾಮು ಮಾಡಿದ ಮೈ ಹಂಗೇ ಬಿಡಬಾರದವ್ವ. ಮಾಲೀಸು ಆದ ಮ್ಯಾಲೇ ಕಸರತ್ತು ಮುಗಿದಂಗೆ.’

ಶುರು ಮಾಡಿದ್ದು ಬೆರಳಿನಿಂದಲ್ಲ, ಮುಂಗೈಯಿಂದ! ಯಾಕೆ ಗೊತ್ತಾ? ಎಡಗೈಯಲ್ಲಿ ಬಲ ಮುಂಗೈ ಹಿಡಿದು, ಮುಷ್ಟಿ ಕಟ್ಟಿ ಬಿಚ್ಚಿ ನೋಡಿ. ಒಳಗೆ ಏನೋ ಸರಿದಾಡುತ್ತದಲ್ಲವೇ? ಬೆರಳು ಮಡಚುವ ದೊಡ್ಡ ಸ್ನಾಯುಗಳಿರುವುದು ಅಲ್ಲೇ. ಹಗ್ಗದಂಥ ಸ್ನಾಯುರಜ್ಜುಗಳ ಮೂಲಕ ಅವು ಬೆರಳನ್ನು ಎಳೆಯುತ್ತವೆ. ಹಾಗಾಗಿ ಮೊದಲು ಮಣಿಕಟ್ಟಿನಿಂದ ಮೊಣಕೈವರೆಗೆ ಹೆಬ್ಬೆರಳಿನಲ್ಲಿ ನಿಧಾನವಾಗಿ ಒತ್ತಬೇಕು. ಆಮೇಲೆ ಅಂಗೈ ನಡುವೆ ಸುತ್ತುಸುತ್ತಾಗಿ. ಹೆಬ್ಬೆರಳ ಬುಡದ ಉಬ್ಬಿಗೆ ತುಸು ಹೆಚ್ಚು ಹೊತ್ತು. ಬಳಿಕ ಕೈ ಹಿಂಬದಿಯ ಮೂಳೆಗಳ ಸಂದು. ಕೊನೆಗೆ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಮೆಲ್ಲಗೆ ನೀವುವುದು. ಒಂದು ಕೈಗೆ 5 ನಿಮಿಷ ಸಾಕು. ಹಿತವಾಗಬೇಕು, ನೋಯಬಾರದು. ನೆಟಿಕೆ ಮುರಿಯುವ ಹಟ ಬೇಡ. ಜೋಮು, ಬಾವು, ಇಳಿಯದ ನೋವು ಇದ್ದರೆ ಎಣ್ಣೆ ಬಟ್ಟಲು ಬದಿಗಿಟ್ಟು ಡಾಕ್ಟರ್ ಬಳಿ ಹೋಗಿ.

ಸೆನ್ಸೈಗೂ ನಿಜ ಹೇಳಿದೆ. ಬೈಯಲಿಲ್ಲ. ನಾಲ್ಕೂವರೆ ಮೀಟರ್ ಉದ್ದದ ಹ್ಯಾಂಡ್‌ರ‍್ಯಾಪ್ ಕೊಟ್ಟು ಮಣಿಕಟ್ಟು, ಅಂಗೈ, ಬೆರಳ ಸಂದುಗಳಿಗೆ ಸುತ್ತುವುದನ್ನು ಹತ್ತು ಸಲ ಮಾಡಿಸಿದರು. ಚೀಲಕ್ಕೆ ಗುದ್ದುವಾಗ ಇದನ್ನು ಸುತ್ತಿ, ಮೇಲೆ ಗ್ಲೌಸ್ ಹಾಕಲೇಬೇಕು. ಬೆವರಿದ ರ‍್ಯಾಪ್ ಅನ್ನು ಅಂದೇ ಒಗೆದು ಒಣಗಿಸಬೇಕು, ಉಗುರು ಗಿಡ್ಡವಿರಬೇಕು, ಗಿಣ್ಣು ತರಚಿದರೆ ತೊಳೆದು ಪಟ್ಟಿ ಹಾಕದೆ ಮ್ಯಾಟ್ ಹತ್ತುವಂತಿಲ್ಲ. ಇದನ್ನೆಲ್ಲ ಅವರು ಮೊದಲ ತಿಂಗಳೇ ಹೇಳಿದ್ದರು. ಕಿಕ್ ಕಲಿಯುವ ಅವಸರದಲ್ಲಿ ನಾನು ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೆ.

ಲ್ಯಾಬ್‌ನಲ್ಲಿ ಹೋದ ಮಾರ್ಕ್ಸ್ ವಾಪಸ್ ಬರಲಿಲ್ಲ. ಆದರೆ ಒಂದು ಅರ್ಥವಾಯಿತು. ಗುದ್ದುವ ಈ ಕೈಯೇ ಮೂರು ಗಂಟೆ ಪರೀಕ್ಷೆ ಬರೆಯಬೇಕು, ಸೋಲ್ಡರಿಂಗ್ ಮಾಡಬೇಕು, ನಾಳೆ ಕೆಲಸದ ಟೆಸ್ಟ್‌ನಲ್ಲಿ ಕೋಡ್ ಟೈಪಿಸಬೇಕು. ಇದಕ್ಕೆ ಸ್ಪೇರ್ ಪಾರ್ಟ್ ಸಿಗುವುದಿಲ್ಲ.

ಈಗ ಸಂಜೆ ಕ್ಲಾಸ್ ಮುಗಿಸಿ ಬಂದು ಎಣ್ಣೆ ಬಟ್ಟಲು ಹಿಡಿದು ಕೂರುವವಳು ನಾನು. ವಯಸ್ಸಾಗಿ ಅಜ್ಜನ ಬೆರಳುಗಳು ಬಿಗಿದುಕೊಂಡಿವೆ. ಅಂಗಿ ಗುಂಡಿ ಹಾಕಲೂ ಒದ್ದಾಡುತ್ತಾರೆ. ನನ್ನ ಕೈ ಆದ ಮೇಲೆ ಅವರ ಕೈ ನೀವುತ್ತೇನೆ. ಮೊನ್ನೆ ಹಾಗೆ ನೀವುತ್ತಿದ್ದಾಗ ಕಣ್ಣು ಮುಚ್ಚಿಕೊಂಡೇ ಕೇಳಿದರು, ‘ಮುಂದಿನ ಬೆಲ್ಟ್ ಪರೀಕ್ಷೆ ಯಾವಾಗ, ಪೈಲ್ವಾನ್?’