ಸರ್ಜರಿ ವಾರ್ಡಿನ ಬೆಳಗಿನ ರೌಂಡ್ಸ್

ದಾಂಡೇಲಿ, ಹಳಿಯಾಳ, ಮುಂಡಗೋಡಿನವರಿಗೆ ಜಿಲ್ಲಾ ಕೇಂದ್ರವಾದ ಕಾರವಾರಕ್ಕಿಂತ ಹುಬ್ಬಳ್ಳಿ-ಧಾರವಾಡವೇ ಹತ್ತಿರ. ಜೋಯಿಡಾದ ಕಾಡೂರುಗಳಿಂದಲೂ ದೊಡ್ಡ ಆಪರೇಷನ್ ಎಂದರೆ ಎಷ್ಟೋ ಮಂದಿ ಇತ್ತಲೇ ಬಸ್ಸು ಹತ್ತುತ್ತಾರೆ. ಹಾಗೆ ಬಂದವರು ಮಲಗುವ, ಎಂಬಿಬಿಎಸ್ ಮಕ್ಕಳು ಕಲಿಯುವ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿಗೆ ಬೆಳಗಿನ ರೌಂಡ್ಸ್ ಹೊತ್ತಿಗೆ ಹೋದೆ. ಇಬ್ಬರು ಹೌಸ್ ಸರ್ಜನ್‌ಗಳು, ಒಬ್ಬ ಹುಡುಗ, ಒಬ್ಬಳು ಹುಡುಗಿ, ಜೊತೆಗಿದ್ದರು.

ಮೊದಲು ಸಿಗುವುದು ಉದ್ದನೆಯ ವರಾಂಡ. ಗೋಡೆಗುಂಟ ಚಾಪೆ, ಬುತ್ತಿಯ ಚೀಲ, ರಾತ್ರಿಯಿಡೀ ಕೂತೇ ಕಳೆದ ಮನೆಯವರು. ಹತ್ತು ಹೆಜ್ಜೆಯಲ್ಲಿ ಕನ್ನಡ, ಕೊಂಕಣಿ, ಮರಾಠಿ ಮೂರೂ ಕಿವಿಗೆ ಬಿದ್ದವು. 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ನರ ಕ್ಯಾಂಪಿನಿಂದ ಬಂದ ಒಬ್ಬ ಭಿಕ್ಷುವೂ ಬಾಗಿಲ ಬಳಿ ಕಾಯುತ್ತಿದ್ದರು.

ಆಮೇಲೆ ಓಟಿಯ ಬಾಗಿಲು. ಒಳಗೆ ನನಗೆ ಪ್ರವೇಶವಿಲ್ಲ. ಕೊಯ್ಯುವ ಹೊತ್ತಿನ ನೋವಿಗೆ 1846ರಲ್ಲೇ ಬಾಸ್ಟನ್ನಿನ ವೈದ್ಯರು ಈಥರ್ ಕೊಟ್ಟು ದಾರಿ ತೋರಿಸಿದ್ದರು. ಈಗ ಬೆನ್ನಿಗೊಂದು ಸೂಜಿ ಕೊಟ್ಟರೆ ಸೊಂಟದ ಕೆಳಗಿನದು ಏನೂ ಗೊತ್ತಾಗುವುದಿಲ್ಲ. ಆದರೆ ಕೆಲವೇ ಗಂಟೆಗಳಲ್ಲಿ ಮದ್ದು ಇಳಿಯುತ್ತದೆ, ಅಷ್ಟರಲ್ಲಿ ರೋಗಿ ವಾರ್ಡಿನ ಮಂಚಕ್ಕೆ ಬಂದಿರುತ್ತಾನೆ. ಅಲ್ಲಿಂದ ಮುಂದಿನ ನೋವು ಹೆಚ್ಚಾಗಿ ಕಣ್ಣಿಗೆ ಬೀಳುವುದು ಸಿಸ್ಟರ್‌ಗಳಿಗೆ ಮತ್ತು ಈ ಕಲಿಯುವ ಮಕ್ಕಳಿಗೆ.

ಮೊದಲ ಮಂಚದಲ್ಲಿ ಹಳಿಯಾಳದ ಕಡೆಯ ರೈತರೊಬ್ಬರು. ಹರ್ನಿಯಾ ಆಪರೇಷನ್ ಆಗಿ ಒಂದು ದಿನ.

"ನೋವು ಹೆಂಗೈತ್ರಿ ಕಾಕಾರ?"

"ಏನ್ ಇಲ್ರಿ ಸಾಹೇಬ್ರ. ಆರಾಮ ಅದೀನ್ರಿ."

ನಾನಾಗಿದ್ದರೆ ಮುಂದಿನ ಮಂಚಕ್ಕೆ ನಡೆದುಬಿಡುತ್ತಿದ್ದೆ. ಹುಡುಗ ನಿಂತ. "ಸ್ವಲ್ಪ ಎಡಕ್ಕ ಹೊಳ್ಳ್ರಿ ನೋಡೂಣು" ಅಂದ. ಅವರು ಹೊರಳಲು ಹೋದರು, ಅರ್ಧಕ್ಕೇ ಉಸಿರು ಕಟ್ಟಿತು. ಹೊದಿಕೆಯಾಚೆ ಕಾಲ್ಬೆರಳುಗಳು ಬಿಗಿಯಾಗಿ ಮಡಚಿಕೊಂಡವು. ಮುಖ ಮಾತ್ರ ಹಾಗೆಯೇ ಇತ್ತು. ಡಾಕ್ಟರ ಮುಂದೆ ಹೇಳಿಕೊಳ್ಳಲು ಸಂಕೋಚವೋ, ನೋವೆಂದರೆ ಮನೆಗೆ ಬಿಡುವುದಿಲ್ಲವೆಂಬ ಅಂಜಿಕೆಯೋ, ನನಗೆ ತಿಳಿಯಲಿಲ್ಲ. ಸುಮ್ಮನೆ ಮಲಗಿದಾಗಿನ ನೋವು ಬೇರೆ, ಹೊರಳಿದಾಗ, ಎದ್ದಾಗಿನದು ಬೇರೆ. ಎರಡನ್ನೂ ಕೇಳಬೇಕು ಎಂದು ಪಾಠದಲ್ಲಿದೆ. ಕೇಸ್ ಶೀಟು ತಿರುವಿ ನೋಡಿದೆ: ಜ್ವರ, ನಾಡಿ, ಬಿಪಿಗೆ ಮನೆ ಇದೆ, ನೋವಿಗೆ ಇಲ್ಲ. ಹುಡುಗ ಮತ್ತೆ ಕೇಳಿ, ಅಂಚಿನಲ್ಲಿ ಪೆನ್ನಿನಿಂದ "ಹೊರಳಿದರೆ 7" ಎಂದು ಬರೆದ. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ರೋಗಿಯೇ ಹೇಳಿದ ಅಂಕಿ ಅದು.

ಕಿಟಕಿ ಪಕ್ಕ ಜೋಯಿಡಾ ಕಡೆಯ ಅಜ್ಜಿ, ಹೊಟ್ಟೆಯ ಆಪರೇಷನ್ ಆದವರು. ಅವರ ಮಾತು ಕೊಂಕಣಿ, ಮೊಮ್ಮಗಳೇ ದುಭಾಷಿ. ಕೆಮ್ಮು ಬಂದರೂ ತಡೆಹಿಡಿಯುತ್ತಿದ್ದರು. ಹಾಗೆ ತಡೆದರೆ ಕಫ ಶ್ವಾಸಕೋಶದಲ್ಲೇ ನಿಂತು ನ್ಯುಮೋನಿಯಾ ಆಗಬಹುದು. ನೋವನ್ನು ಸಹಿಸಿಕೊಳ್ಳಿ ಎಂದು ಬಿಟ್ಟುಬಿಡಲಾಗದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು. ಹುಡುಗಿ ದಿಂಬನ್ನು ಅಜ್ಜಿಯ ಹೊಟ್ಟೆಯ ಮೇಲಿಟ್ಟು, ಅವರ ಎರಡೂ ಕೈಗಳನ್ನು ಅದರ ಮೇಲೆ ಒತ್ತಿಹಿಡಿಸಿ, ತಾನೇ ಒಮ್ಮೆ ಕೆಮ್ಮಿ ತೋರಿಸಿದಳು. ಅಜ್ಜಿ ಕೆಮ್ಮಿದರು. ಕಣ್ಣಲ್ಲಿ ನೀರು ಬಂತು, ಕಫವೂ ಬಂತು.

ಕೊನೆಗೆ ಡ್ರೆಸ್ಸಿಂಗ್ ರೂಮು. ಇಲ್ಲಿ ಹೆಚ್ಚು ಹೊತ್ತು ನಿಂತೆ. ದಾಂಡೇಲಿಯ ಯುವಕನೊಬ್ಬನ ಕಾಲಿನ ಗಾಯಕ್ಕೆ ಗಾಸ್ ಒಣಗಿ ಅಂಟಿಕೊಂಡಿತ್ತು. ಹುಡುಗಿ ಅದರ ಮೇಲೆ ಸಲೈನ್ ಸುರಿದು, ಎಳೆಯದೆ ಕಾದಳು. ನೆನೆದ ಮೇಲೆ ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಬಿಡಿಸಿದಳು. ಆದರೂ ಆತ "ಯವ್ವಾ" ಎಂದು ಮಂಚದ ಕಬ್ಬಿಣ ಹಿಡಿದ. ಟ್ರೇ ಹಿಡಿದ ಹುಡುಗ ನೋಟ ಬೇರೆಡೆ ಹೊರಳಿಸಿದ. ಅದು ಒರಟುತನ ಅಂತ ನನಗೆ ಅನ್ನಿಸಲಿಲ್ಲ. ದಿನವೂ ನೋಡುವವರಿಗೆ ತಾಳಿಕೊಳ್ಳಲು ಏನೋ ಒಂದು ದಾರಿ ಬೇಕಲ್ಲ. 2019ರಲ್ಲಿ ಬದಲಾದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ರೋಗಿಯೊಡನೆ ಮಾತು, ನಡವಳಿಕೆ, ನೀತಿಯ ಪಾಠ ಸೇರಿದೆ. ಆದರೆ ನೋಡಿ ನೋಡಿ ದಣಿದ ಈ ಮಕ್ಕಳನ್ನು ಕೂರಿಸಿಕೊಂಡು ಮಾತಾಡಿಸುವವರೂ ಬೇಕು.

ನೋವಿನ ಔಷಧಿಯನ್ನು ಡ್ರೆಸ್ಸಿಂಗ್‌ಗೆ ಮೊದಲೇ, ಅದು ಹಿಡಿಯುವಷ್ಟು ಹೊತ್ತು ಬಿಟ್ಟು ಕೊಡಬೇಕು. ಉಳಿದ ಹೊತ್ತಿನಲ್ಲೂ ರೋಗಿ ಕೂಗುವವರೆಗೆ ಕಾಯದೆ ಗಡಿಯಾರ ನೋಡಿ ಕೊಟ್ಟರೆ ನೋವು ಹತೋಟಿಯಲ್ಲಿರುತ್ತದೆ. ಪ್ಯಾರಸಿಟಮಾಲ್ ದುಬಾರಿ ಮದ್ದಲ್ಲ, ಸಿಗದ ಮದ್ದೂ ಅಲ್ಲ.

ಹೊರಬರುವಾಗ ಡಿಸ್ಚಾರ್ಜ್ ಟೇಬಲ್ಲು. ಮನೆಗೆ ಹೊರಟ ಹೆಂಗಸೊಬ್ಬರಿಗೆ ಗುಳಿಗೆಯ ಹೊತ್ತು, ಹೊಲಿಗೆ ಬಿಚ್ಚುವ ದಿನ ಹೇಳಿದ ಮೇಲೆ ಹುಡುಗಿ ಇನ್ನೊಂದು ಮಾತು ಸೇರಿಸಿದಳು: "ಬಸ್ಸಿನಾಗ ಹಿಂದಿನ ಸೀಟ್ ಬ್ಯಾಡ್ರಿ ಅಕ್ಕಾರ, ಭಾಳ ಕುಲುಕತೈತಿ. ಬಸ್ ಹತ್ತೂಕಿಂತ ಮೊದ್ಲ ಗುಳಿಗಿ ತಗೋರಿ." ಜೋಯಿಡಾದ ತಿರುವುಗಳಲ್ಲಿ ಹಸಿ ಹೊಲಿಗೆ ಇಟ್ಟುಕೊಂಡು ಕೂರುವುದು ಹೇಗಿರುತ್ತದೆಂದು ಅವಳಿಗೆ ಹೇಳಿದ್ದು ಯಾರು ಎಂದು ಕೇಳಿದೆ. ಹೊಲಿಗೆ ಬಿಚ್ಚಿಸಲು ವಾಪಸು ಬಂದ ರೋಗಿಗಳೇ ಅಂದಳು.