ಹಡಗಿನ ತಗಡು ಮನೆಯ ಸರಳಾಗುವ ಕ್ರಮ

ಗುಜರಿಯೆಂದು ಕನ್ನಡದಲ್ಲಿ ರೂಢವಾಗಿರುವ ಶಬ್ದವು ಬಳಕೆ ತೀರಿದ ಲೋಹಾದಿ ಪದಾರ್ಥಗಳನ್ನು ಬೋಧಿಸುತ್ತದೆ. ಮರಾಠಿಯಲ್ಲಿ ಇದಕ್ಕೆ ಸಂಜೆಯ ಸಂತೆಯೆಂಬ ಅರ್ಥವುಂಟು. ಮಾರುವ ಸ್ಥಳದ ಹೆಸರು ಮಾರಲ್ಪಡುವ ವಸ್ತುವಿಗೆ ಸಂದಿತೆಂದು ಊಹಿಸಲು ಅವಕಾಶವಿದೆ. ಈ ಗುಜರಿಯು ಗೃಹನಿರ್ಮಾಣದ್ರವ್ಯವಾಗಿ ಪರಿಣಮಿಸುವ ಬಗೆಗೆ ಗುಜರಾತದ ಭಾವನಗರ ಜಿಲ್ಲೆಯ ಅಲಂಗವು ವಿಶದವಾದ ನಿದರ್ಶನವಾಗಿದೆ.

ಖಂಭಾತ ಕೊಲ್ಲಿಯ ಆ ತೀರದಲ್ಲಿ ಉಬ್ಬರವಿಳಿತಗಳ ಅಂತರವು ಬಹಳ ಹೆಚ್ಚು. ಉಬ್ಬರದಲ್ಲಿ ದಡಕ್ಕೆ ನುಗ್ಗಿಸಿದ ಹಡಗು ಇಳಿತದಲ್ಲಿ ನೆಲದ ಮೇಲೆ ನಿಲ್ಲುತ್ತದೆ. 1983ರಿಂದ ಅಲ್ಲಿ ಹಡಗುಗಳನ್ನು ಒಡೆಯಲಾಗುತ್ತಿದೆ. ಕೂಲಿಕಾರರು ಅನಿಲಜ್ವಾಲೆಯಿಂದ ಒಡಲನ್ನು ಕತ್ತರಿಸುತ್ತಾರೆ. ಹಳೆಯ ಹಡಗುಗಳಲ್ಲಿನ ಕಲ್ನಾರಿನ ಧೂಳು ಅವರ ಶ್ವಾಸಕೋಶಗಳಿಗೆ ಮಾರಕವಾದುದು. ಅಗ್ಗವಾದ ಸರಳಿನ ಬೆಲೆಯಲ್ಲಿ ಇದೂ ಸೇರಿದೆಯೆಂಬುದನ್ನು ಕೊಳ್ಳುವವರು ಎಣಿಸುವುದಿಲ್ಲ. ಇದರ ನಿಯಂತ್ರಣಕ್ಕಾಗಿ ಭಾರತದಲ್ಲಿ 2019ರಲ್ಲಿ ಶಾಸನವಾಯಿತು. 2009ರ ಹಾಂಗ್‌ಕಾಂಗ್ ಒಪ್ಪಂದವು 2025ರ ಜೂನ್ 26ರಂದು ಜಾರಿಗೆ ಬಂದಿತು.

ಕತ್ತರಿಸಿದ ತಗಡಿಗೆ ಎರಡು ಗತಿಗಳು. ಒಂದು, ಕುಲುಮೆಯಲ್ಲಿ ಕರಗಿ ಹೊಸ ಉಕ್ಕಾಗುವುದು. ಮತ್ತೊಂದು, ಕರಗದೆಯೇ ಸರಳಾಗುವುದು. ಅದೆಂತೆಂದರೆ, ತಗಡನ್ನು ಪಟ್ಟಿಗಳಾಗಿ ಸೀಳಿ, ಕೆಂಪಗೆ ಕಾಯಿಸಿ, ಉರುಳೆಗಳ ನಡುವೆ ಮತ್ತೆಮತ್ತೆ ಹಾಯಿಸಿ ಕಿರಿದಾಗಿ ನೀಳವಾಗಿ ಎಳೆಯುವುದು. ಸೀಹೋರದ ಕಾರ್ಖಾನೆಗಳಲ್ಲಿ ಈ ಕ್ರಮವು ಪ್ರಸಿದ್ಧವಾಗಿದೆ. ಕರಗಿಸುವ ಇಂಧನವು ಇದರಲ್ಲಿ ಉಳಿಯುತ್ತದೆ.

ಆದರೆ ದೋಷವೂ ಅಲ್ಲಿಯೇ ಇದೆ. ಕರಗದ ಲೋಹದ ಘಟಕಗಳು ಬದಲಾಗಲಾರವು. ಹಡಗಿನ ಒಡಲಿನಲ್ಲಿ ಸಾಮಾನ್ಯವಾದ ಮೃದು ಉಕ್ಕೂ ಉಂಟು, ಅಧಿಕಬಲದ ಉಕ್ಕೂ ಉಂಟು; ಬೆರಕೆಯ ರಾಶಿಯಿಂದ ಆಯ್ದ ಎರಡು ಪಟ್ಟಿಗಳು ಒಂದೇ ಗುಣದವೆಂಬ ಭರವಸೆಯಿಲ್ಲ. ಛಾಂದೋಗ್ಯದಲ್ಲಿ ಉಗುರು ತೆಗೆಯುವ ಸಾಧನವೊಂದನ್ನು ಅರಿತರೆ ಕಬ್ಬಿಣವೆಲ್ಲವೂ ಅರಿತಂತಾಗುವುದೆಂಬ ದೃಷ್ಟಾಂತವಿದೆ. ತತ್ತ್ವವಿಚಾರದಲ್ಲಿ ಅದು ಯುಕ್ತವೇ ಸರಿ. ಸರಳು ಕೊಳ್ಳುವವನಿಗೆ ಮಾತ್ರ ಆ ನ್ಯಾಯವು ಸಲ್ಲದು. ಕರಗಿಸಿದ ಮಾತ್ರಕ್ಕೆ ಸರ್ವದೋಷಪರಿಹಾರವೂ ಆಗದು: ಗುಜರಿಯೊಡನೆ ಸೇರಿದ ತಾಮ್ರವು ಕುಲುಮೆಯಲ್ಲಿಯೂ ಬೇರ್ಪಡುವುದಿಲ್ಲ, ಅದು ಹೆಚ್ಚಾದರೆ ಕಾದ ಉಕ್ಕು ಉರುಳೆಯಲ್ಲಿ ಬಿರಿಯುತ್ತದೆ.

ವಾಸ್ತುಶಾಸ್ತ್ರದ ಪರಂಪರೆಯಲ್ಲಿ ಹಳೆಯ ಮನೆಯಿಂದ ಕಳಚಿದ ಮರವನ್ನು ಹೊಸ ಮನೆಗೆ ಸೇರಿಸಬಾರದೆಂಬ ನಿಷೇಧವುಂಟು. ಅದನ್ನು ಕೇವಲ ಅಮಂಗಲದ ಭಯವೆಂದು ತಳ್ಳಿಬಿಡುವುದು ಸರಿಯಲ್ಲ. ಹುಳು ಹೊಕ್ಕ ಮರವು ಹೊರಗೆ ಗಟ್ಟಿಯಾಗಿಯೇ ಕಾಣುವುದು. ಸರಳಿನ ವಿಷಯದಲ್ಲಿಯೂ ಕಣ್ಣು ಪ್ರಮಾಣವಲ್ಲ. ಭೂಕಂಪದಲ್ಲಿ ಕಾಂಕ್ರೀಟು ಬಿರಿದಾಗ ಸರಳು ತುಂಡಾಗದೆ ಹಿಗ್ಗಿ ಬಾಗಬೇಕು. ಆದುದರಿಂದ ಪ್ರತಿಯೊಂದು ತಯಾರಿಕೆಯಿಂದಲೂ ಮಾದರಿಗಳನ್ನು ತೆಗೆದು, ಎಳೆದು, ಬಗ್ಗಿಸಿ, ಅಂಗಾರಾದಿ ಅಂಶಗಳನ್ನು ಅಳೆದ ಬಳಿಕವೇ ಅದನ್ನು ಕಂಬಕ್ಕೂ ತೊಲೆಗೂ ಯೋಗ್ಯವೆನ್ನಬೇಕು. ಪರೀಕ್ಷೆಯಿಲ್ಲದ ಸರಳಿಗೆ ಬೇಲಿ, ಕಿಟಕಿಯ ಜಾಲರಿ ಮೊದಲಾದ ಭಾರ ಹೊರದ ಕೆಲಸಗಳು ಇದ್ದೇ ಇವೆ.