ಆಂಬುಲೆನ್ಸಿಗಿಂತ ಮೊದಲು ತಲುಪಬೇಕಾದದ್ದು

ಫೋರ್ಟ್ ಕೊಚ್ಚಿಗೆ ಬಂದು ಒಂಬತ್ತು ವರ್ಷವಾಯಿತು. ನಾನು ಪುತ್ತೂರು ಕಡೆಯವನು. ಎರ್ನಾಕುಳಂನ ಒಂದು ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್, ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ರಾತ್ರಿ ಪಾಳಿ ಮುಗಿಸಿ ಬೋಟಿನಲ್ಲಿ ಮನೆಗೆ ಬರುವಾಗ ಚೀನೀ ಬಲೆಗಳ ಹತ್ತಿರ ಮೀನಿನ ಹರಾಜು ಶುರುವಾಗಿರುತ್ತದೆ. ಆಸ್ಪತ್ರೆಯಲ್ಲಿ ಕಂಡದ್ದನ್ನು ಅಲ್ಲೇ ಮರೆತು ಮನೆಗೆ ಹೋಗಬೇಕೆಂದುಕೊಳ್ಳುತ್ತೇನೆ. ಒಂದು ರಾತ್ರಿಯದ್ದು ಮಾತ್ರ ಮರೆಯಲಾಗಿಲ್ಲ.

ಮಟ್ಟಾಂಚೇರಿಗೆ ಬ್ಯಾಡಗಿ ಮೆಣಸಿನಕಾಯಿ ಇಳಿಸಿ ಊರಿಗೆ ಮರಳುತ್ತಿದ್ದ ಹಾವೇರಿ ಕಡೆಯ ಲಾರಿ ಅಂಗಮಾಲಿ ಬಳಿ ಅಪಘಾತಕ್ಕೀಡಾಯಿತು. ಇಪ್ಪತ್ತೆರಡರ ಕ್ಲೀನರ್ ಹುಡುಗನ ತಲೆಗೆ ಪೆಟ್ಟು. ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಸಿಟಿ ಮಾಡಿಸಿ ನಮ್ಮಲ್ಲಿಗೆ ಕಳಿಸಿದ್ದರು. ಜೊತೆಗಿದ್ದ ಡ್ರೈವರ್ ನನ್ನ ಕನ್ನಡ ಕೇಳಿದ್ದೇ ತಡ, ಪ್ಲಾಸ್ಟಿಕ್ ಕವರಿನಿಂದ ಸಿಡಿ ತೆಗೆದು ಕೈಗಿಟ್ಟರು. "ಇದರಾಗ ಎಲ್ಲಾ ಐತಂತ್ರೀ ಅಣ್ಣಾರ, ಲಗೂನ ನೋಡ್ರೀ."

ಸಿಡಿ ತೆರೆಯಲಿಲ್ಲ. ಎರಡು ಕಂಪ್ಯೂಟರಿಗೆ ಹಾಕಿ ನೋಡಿದೆ. ಜೊತೆಗಿದ್ದ ಒಂದೇ ಫಿಲ್ಮಿನಲ್ಲಿ ಅಂಚೆಚೀಟಿಯಷ್ಟು ದೊಡ್ಡ ಚಿತ್ರಗಳು. ಮತ್ತೆ ಸ್ಕ್ಯಾನ್ ಮಾಡದೆ ಗತಿಯಿರಲಿಲ್ಲ. ಯಂತ್ರಕ್ಕೆ ಬೇಕಾದದ್ದು ಕೆಲವೇ ಸೆಕೆಂಡು. ಆದರೆ ಕುತ್ತಿಗೆಗೆ ಕಾಲರ್, ಬಾಯಿಗೆ ಉಸಿರಿನ ಕೊಳವೆ ಹಾಕಿದವನನ್ನು ಅಲುಗಿಸದೆ ಮೇಜಿಗೆ ಎತ್ತಿ ಇಳಿಸುವಷ್ಟರಲ್ಲಿ ಅರ್ಧ ಗಂಟೆ ಹೋಯಿತು. ತಲೆಬುರುಡೆಯ ಒಳಗೆ ರಕ್ತ ಕಟ್ಟಿತ್ತು. "ಮೊದಲಿನ ಚಿತ್ರದಲ್ಲಿ ಎಷ್ಟಿತ್ತು?" ಎಂದು ಸರ್ಜನ್ ಕೇಳಿದರು. ರಕ್ತಸ್ರಾವ ನಿಂತಿದೆಯೋ ಹೆಚ್ಚುತ್ತಿದೆಯೋ ಎಂಬುದು ಆ ಹೋಲಿಕೆಯಿಂದಲೇ ತಿಳಿಯುವುದು. ನಮ್ಮಲ್ಲಿ ಉತ್ತರವಿರಲಿಲ್ಲ.

ಆಪರೇಷನ್ ಆಯಿತು, ಹುಡುಗ ಬದುಕಿದ. ಎಡಗೈಯ ಹಿಡಿತ ಮಾತ್ರ ಪೂರ್ತಿ ಮರಳಲಿಲ್ಲ. ಆ ಅರ್ಧ ಗಂಟೆಯೇ ಕಾರಣ ಎಂದು ನಾನು ಹೇಳಲಾರೆ. ಅಲ್ಲ ಎಂದೂ ಹೇಳಲಾರೆ.

"ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡಿದ್ದರೆ ಆಗುತ್ತಿರಲಿಲ್ಲವೇ?" ಎಂದು ನೀವು ಕೇಳಬಹುದು. ಏನೂ ಇಲ್ಲದಿರುವುದಕ್ಕಿಂತ ಅದು ವಾಸಿ, ಅಷ್ಟೆ. ಸಿಟಿ ಚಿತ್ರದಲ್ಲಿ ಬೂದು ಬಣ್ಣದ ಸುಮಾರು 4,000 ಹಂತಗಳ ಮಾಹಿತಿ ಇರುತ್ತದೆ. ಮೊಬೈಲ್ ಫೋಟೋದಲ್ಲಿ ಉಳಿಯುವುದು 256. ಮೂಲ ಚಿತ್ರವಿದ್ದರೆ ವೈದ್ಯರು ಅದನ್ನೇ ಒಮ್ಮೆ ಮೂಳೆಗೆ, ಒಮ್ಮೆ ಮಿದುಳಿಗೆ, ಒಮ್ಮೆ ರಕ್ತಕ್ಕೆ ಹೊಂದಿಸಿಕೊಂಡು ನೋಡುತ್ತಾರೆ. ಫೋಟೋದಲ್ಲಿ ಅದು ಸಾಧ್ಯವಿಲ್ಲ. ಈ ಮೂಲ ಚಿತ್ರಕ್ಕೆ ಡೈಕಾಮ್ ಎಂಬ ಒಂದೇ ಮಾದರಿಯಿದೆ. 1985ರಲ್ಲಿ ಅಮೆರಿಕದಲ್ಲಿ ಮೊದಲ ರೂಪ ಪಡೆದು, 1993ರಿಂದ ಈ ಹೆಸರಿನಲ್ಲಿ ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಯಾವ ಕಂಪನಿಯ ಯಂತ್ರದಲ್ಲಿ ತೆಗೆದರೂ ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ ನೋಡಬಹುದು. ಅಂದರೆ ಭಾಷೆ ಒಂದೇ, ಮಾತುಕತೆಯೇ ಇಲ್ಲ.

ಮಾತುಕತೆ ನಡೆದರೆ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಮಟ್ಟಾಂಚೇರಿಯಲ್ಲಿ ಏಣಿಯಿಂದ ಬಿದ್ದ ಎಲೆಕ್ಟ್ರಿಷಿಯನ್ ಒಬ್ಬರ ಕತ್ತಿನ ಮೂಳೆ ಮುರಿದಿತ್ತು. ಅವರ ಮನೆಯವರೆಲ್ಲ ಇರುವುದು ತಿರುವನಂತಪುರದಲ್ಲಿ. ಅಲ್ಲಿಗೇ ಕರೆದೊಯ್ಯುತ್ತೇವೆಂದು ಹಟ. 200 ಕಿಲೋಮೀಟರಿಗೂ ಹೆಚ್ಚಿನ ದಾರಿ, ನಾಲ್ಕೈದು ತಾಸು. ಹೊರಡುವ ಮೊದಲು ಅವರ 900 ಚಿತ್ರಗಳನ್ನು ಪಾಸ್‌ವರ್ಡ್ ಇರುವ ಲಿಂಕಿನಲ್ಲಿ ಅಲ್ಲಿನ ಆಸ್ಪತ್ರೆಗೆ ಕಳಿಸಿದೆವು. ಒಂದೊಂದು ಚಿತ್ರ ಅರ್ಧ ಎಂಬಿ ಎಂದರೂ 450 ಎಂಬಿ, ಒಂದು ಸಿನಿಮಾಕ್ಕಿಂತ ಕಡಿಮೆ. ಅಲ್ಲಿನ ಬೆನ್ನುಮೂಳೆ ತಜ್ಞರು ನೋಡಿ ಫೋನಿನಲ್ಲೇ ಹೇಳಿದರು: "ಅಲುಗಿಸಬೇಡಿ. ಅಲ್ಲೇ ಮಾಡಬಹುದಾದ ಆಪರೇಷನ್." ರೋಗಿ ಮಂಚ ಬಿಟ್ಟು ಕದಲಲಿಲ್ಲ.

2019ರ ಏಪ್ರಿಲ್ ನಮ್ಮ ಕರಾವಳಿಯವರಿಗೆ ನೆನಪಿರಬಹುದು. ಹೃದಯದ ತೊಂದರೆಯಿದ್ದ ಹದಿನೈದು ದಿನದ ಕೂಸನ್ನು ಮಂಗಳೂರಿನಿಂದ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗೆಂದು ಹೊರಡಿಸಿ, ಕೊನೆಗೆ ಕೊಚ್ಚಿಯಲ್ಲೇ ಚಿಕಿತ್ಸೆಗೆ ಸೇರಿಸಿದರು. ಸುಮಾರು 400 ಕಿಲೋಮೀಟರನ್ನು ಆಂಬುಲೆನ್ಸ್ ಐದೂವರೆ ತಾಸಿನಲ್ಲಿ ಮುಟ್ಟಿತು. ಊರೂರಲ್ಲಿ ಜನ ರಸ್ತೆಗಿಳಿದು ದಾರಿ ಬಿಡಿಸಿದ್ದರು. ಅಂಥ ಜನ ನಾವು. ಆಂಬುಲೆನ್ಸಿಗೆ ದಾರಿ ಬಿಡುತ್ತೇವೆ, ಚಿತ್ರಕ್ಕೆ ಇನ್ನೂ ಬಿಟ್ಟಿಲ್ಲ.

ಕಾನೂನು ಅಡ್ಡಿಯೇ? ಅಲ್ಲ. 2021ರ ಸೆಪ್ಟೆಂಬರಿನಲ್ಲಿ ದೇಶವ್ಯಾಪಿಯಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ 14 ಅಂಕಿಯ ಆಭಾ ಸಂಖ್ಯೆ ಇದ್ದರೆ, ನಮ್ಮ ಒಪ್ಪಿಗೆಯ ಮೇಲೆ ಒಂದು ಆಸ್ಪತ್ರೆಯ ದಾಖಲೆಯನ್ನು ಇನ್ನೊಂದು ಪಡೆಯುವ ವ್ಯವಸ್ಥೆಯಿದೆ. ಪ್ರಜ್ಞೆ ತಪ್ಪಿದವನು ಒಪ್ಪಿಗೆ ಕೊಡುವುದು ಹೇಗೆ ಎಂದರೆ, ಜೀವಕ್ಕೆ ಅಪಾಯವಿರುವ ತುರ್ತಿನಲ್ಲಿ ಒಪ್ಪಿಗೆಯಿಲ್ಲದೆಯೂ ಮಾಹಿತಿ ಬಳಸಲು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ನಮ್ಮ ತುರ್ತು ವಿಭಾಗಕ್ಕೆ ಬರುವವರ ಕೈಯಲ್ಲಿ ಹೆಚ್ಚಾಗಿ ಇರುವುದು ಅದೇ ಪ್ಲಾಸ್ಟಿಕ್ ಕವರು. ರೋಗಿಯನ್ನು ಕಳಿಸುವ ಮುನ್ನ ಚಿತ್ರ ಕಳಿಸುವುದು ಯಾರ ಕೆಲಸ ಎಂದು ಯಾರೂ ಬರೆದಿಟ್ಟಿಲ್ಲ. ಹಾಗಾಗಿ ಅದು ಯಾರ ಕೆಲಸವೂ ಆಗಿಲ್ಲ.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು. ಗಾಯಾಳುವನ್ನು ಬೇರೆ ಆಸ್ಪತ್ರೆಗೆ ಒಯ್ಯಿರಿ ಎಂದರೆ, ಆಂಬುಲೆನ್ಸ್ ಬರುವಷ್ಟರಲ್ಲಿ "ಡೈಕಾಮ್ ಚಿತ್ರಗಳನ್ನು ಅಲ್ಲಿಗೆ ಕಳಿಸಿದಿರಾ?" ಎಂದು ಕೇಳಿ. ಲಿಂಕ್ ಸಿಗದಿದ್ದರೆ ಸಿಡಿ ಪಡೆದು, ಅದು ತೆರೆಯುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಲು ಹೇಳಿ. ವರದಿ, ಫಿಲ್ಮ್ ಬಿಡಬೇಡಿ. ಆದರೆ ಇದಕ್ಕಾಗಿ ಆಂಬುಲೆನ್ಸನ್ನು ಕಾಯಿಸಬೇಡಿ. ಕಳಿಸಲು ಒಬ್ಬರು ಅಲ್ಲೇ ಉಳಿದರೆ ಸಾಕು.

ಆ ಹುಡುಗ ಈಗ ಹಾವೇರಿಯಲ್ಲೇ ಇದ್ದಾನೆ. ಯುಗಾದಿಗೆ ಫೋನ್ ಮಾಡುತ್ತಾನೆ. ಡ್ರೈವರ್ ಲೈಸೆನ್ಸ್ ಮಾಡಿಸಬೇಕೆಂದಿದ್ದನಂತೆ, ಈಗ ಆ ಮಾತು ಎತ್ತುವುದಿಲ್ಲ. ಆ ಸಿಡಿ ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.